ಅಂಕಿಗಳು ನುಡಿಯುವ ಸಾಕ್ಷ್ಯ

ಹಾಸನ ಜಿಲ್ಲೆಯ ಜನರು 2025ನೆಯ ಇಸವಿಯ ಜುಲೈ ತಿಂಗಳ ಮೊದಲ ದಿನಗಳನ್ನು ಬೇಗನೆ ಮರೆಯಲಾರರು. ಹಾಸನ, ಹೊಳೆನರಸೀಪುರ, ಅರಕಲಗೂಡು, ಚನ್ನರಾಯಪಟ್ಟಣ ಇವುಗಳಲ್ಲಿ ಯಾವ ಊರಿನ ಬಸ್ ನಿಲ್ದಾಣದಲ್ಲಿ ನಿಂತರೂ ಆಗ ಕಿವಿಗೆ ಬೀಳುತ್ತಿದ್ದುದು ಒಂದೇ ಮಾತು: ಇವತ್ತು ಎಲ್ಲಿ, ಯಾರು, ವಯಸ್ಸೆಷ್ಟು? ಸುಮಾರು ನಲವತ್ತು ದಿನಗಳ ಅವಧಿಯಲ್ಲಿ ಜಿಲ್ಲೆಯ ಇಪ್ಪತ್ತಕ್ಕೂ ಹೆಚ್ಚು ಮಂದಿ ಹೃದಯಾಘಾತದಿಂದ ತೀರಿಕೊಂಡರೆಂದೂ ಅವರಲ್ಲಿ ಹಲವರು ಹರೆಯದವರೆಂದೂ ಪತ್ರಿಕೆಗಳು ಬರೆದುವು. ಎದೆಯಲ್ಲಿ ಸಣ್ಣ ನೋವು ಕಂಡವರೂ ಏನೂ ಕಾಣದವರೂ ಮೈಸೂರಿನ ಜಯದೇವ ಆಸ್ಪತ್ರೆಯ ಮುಂದೆ ಬೆಳಗಿನ ಜಾವದಲ್ಲಿಯೇ ಸಾಲುಗಟ್ಟಿ ನಿಂತರು. ಕೋವಿಡ್ ಲಸಿಕೆಯೂ ಇದಕ್ಕೆ ಒಂದು ಕಾರಣವಾಗಿರಬಹುದೆಂಬ ಶಂಕೆಯನ್ನು ರಾಜ್ಯದ ಮುಖ್ಯಮಂತ್ರಿಗಳು ಜುಲೈ 1ರಂದು ಬಹಿರಂಗವಾಗಿ ವ್ಯಕ್ತಪಡಿಸಿದರು. ಅಂತಹ ಸಂಬಂಧವಿಲ್ಲವೆಂದು ಅಧ್ಯಯನಗಳು ತೋರಿಸಿವೆ ಎಂದು ಕೇಂದ್ರದ ಆರೋಗ್ಯ ಸಚಿವಾಲಯವು ಮರುದಿನವೇ ಸಾರಿತು.

ಆ ವಾರ ನನ್ನ ತರಗತಿಯಲ್ಲಿ ಒಬ್ಬ ವಿದ್ಯಾರ್ಥಿನಿ ಎದ್ದು ನಿಂತು, "ಸಾರ್, ಎಲ್ಲರೂ ಅಧ್ಯಯನ ಹೇಳುತ್ತೆ, ಅಧ್ಯಯನ ಹೇಳುತ್ತೆ ಅಂತಾರೆ. ಆ ಅಧ್ಯಯನ ಸರಿಯಾಗಿದೆಯೋ ಇಲ್ಲವೋ ಅಂತ ನೋಡೋರು ಯಾರು?" ಎಂದು ಕೇಳಿದಳು. ಅಂದಿನ ಪಾಠ ದೃಗ್ವಿಜ್ಞಾನ. ಎರಡು ಮಾತುಗಳಲ್ಲಿ ಉತ್ತರ ಹೇಳಿ ಮುಂದಕ್ಕೆ ಹೋದೆ. ಆದರೆ ಆ ಪ್ರಶ್ನೆ ಎರಡು ಮಾತುಗಳಲ್ಲಿ ಮುಗಿಯತಕ್ಕದ್ದಲ್ಲವೆಂಬ ಅಳುಕು ಮನಸ್ಸಿನಲ್ಲಿ ಉಳಿಯಿತು. ಈ ಲೇಖನ ಅವಳಿಗೆ ನಾನು ಕೊಡಬೇಕಾಗಿದ್ದ ಉತ್ತರ.

ನೋಡುವವರು ಇದ್ದಾರೆ. ವೈದ್ಯಕೀಯ ಪ್ರಬಂಧಗಳಲ್ಲಿ ಅಚ್ಚಾಗಿರುವ ಅಂಕಿಗಳು ನಿಜವಾಗಿ ಅಳೆದುವೋ ಕುಳಿತಲ್ಲಿ ಬರೆದುವೋ ಎಂಬುದನ್ನು ಕಂಡುಹಿಡಿಯುವುದನ್ನೇ ತಮ್ಮ ಕೆಲಸವನ್ನಾಗಿ ಮಾಡಿಕೊಂಡ ಸಂಖ್ಯಾಶಾಸ್ತ್ರಜ್ಞರೂ ವೈದ್ಯರೂ ಸಂಪಾದಕರೂ ಇದ್ದಾರೆ. ಅವರು ಬಳಸುವ ಉಪಕರಣಗಳು ದೊಡ್ಡ ಯಂತ್ರಗಳಲ್ಲ. ಬಹುಮಟ್ಟಿಗೆ ಪ್ರೌಢಶಾಲೆಯ ಗಣಿತವೇ ಸಾಕು. ಅದನ್ನು ತಿಳಿಯಲು ದೂರ ಹೋಗಬೇಕಾಗಿಲ್ಲ. ಕಾಲೇಜಿನ ಭೌತಶಾಸ್ತ್ರ ಪ್ರಯೋಗಶಾಲೆಯಿಂದಲೇ ಆರಂಭಿಸೋಣ.

ಸರಳ ಲೋಲಕದ ಪ್ರಯೋಗವನ್ನು ನೀವೆಲ್ಲರೂ ಮಾಡಿರುತ್ತೀರಿ. ಒಂದು ಮೀಟರ್ ಉದ್ದದ ದಾರಕ್ಕೆ ಗುಂಡು ಕಟ್ಟಿ ಇಪ್ಪತ್ತು ಆಂದೋಲನಗಳಿಗೆ ಹಿಡಿಯುವ ಕಾಲವನ್ನು ಅಳೆದರೆ ಸುಮಾರು 40.2 ಸೆಕೆಂಡು ಬರುತ್ತದೆ. ಅದರಿಂದ ಗುರುತ್ವ ವೇಗೋತ್ಕರ್ಷವನ್ನು ಲೆಕ್ಕಹಾಕುವುದು. ಗಡಿಯಾರದ ಗುಂಡಿಯನ್ನು ಒತ್ತುವಾಗ ಆರಂಭದಲ್ಲಿ ಹತ್ತನೆಯ ಒಂದು ಸೆಕೆಂಡು, ಕೊನೆಯಲ್ಲಿ ಇನ್ನೊಂದು ಹತ್ತನೆಯ ಒಂದು ಸೆಕೆಂಡು ತಪ್ಪಿದರೆ ಸಾಕು, ಉತ್ತರದಲ್ಲಿ ಸುಮಾರು 10 ಮೂಲಮಾನಗಳಷ್ಟು ವ್ಯತ್ಯಾಸ ಬರುವುದು. ಆದಕಾರಣ ಪ್ರಾಮಾಣಿಕವಾಗಿ ಅಳೆದವನ ಪುಸ್ತಕದಲ್ಲಿ 970, 986, 975, 981, 979 ಹೀಗೆ ಚೆದರಿದ ಬೆಲೆಗಳಿರುವುವು. ಆದರೆ ಕೆಲವರ ರೆಕಾರ್ಡು ಪುಸ್ತಕಗಳಲ್ಲಿ 980.9, 981.0, 981.1 ಎಂದು ಮುತ್ತು ಪೋಣಿಸಿದಂತೆ ಅಂಕಿಗಳು ಸಾಲಾಗಿ ನಿಂತಿರುವುದುಂಟು. ಪಠ್ಯಪುಸ್ತಕದಲ್ಲಿ ಅಚ್ಚಾಗಿರುವ ಬೆಲೆ 981. ಹಾಸನವಾದರೋ ವಿಷುವದ್ರೇಖೆಯಿಂದ ಹದಿಮೂರೇ ಡಿಗ್ರಿ ಉತ್ತರದಲ್ಲಿ, ಸಮುದ್ರಮಟ್ಟದಿಂದ ಸಾವಿರ ಮೀಟರಿಗೆ ಸ್ವಲ್ಪವೇ ಕಡಿಮೆ ಎತ್ತರದಲ್ಲಿದೆ. ಇಲ್ಲಿಯ ನಿಜವಾದ ಬೆಲೆ ಸೆಕೆಂಡಿನ ವರ್ಗಕ್ಕೆ ಸುಮಾರು 978 ಸೆಂಟಿಮೀಟರ್! ಪಾಪ, ಆ ವಿದ್ಯಾರ್ಥಿ ಪುಸ್ತಕವನ್ನು ನಂಬಿ ಕೆಟ್ಟ. ನಾನೂ ಒಂದಾನೊಂದು ಕಾಲದಲ್ಲಿ ಹಾಗೆ ಬರೆದು, ಅಧ್ಯಾಪಕರೊಬ್ಬರಿಂದ ಎಲ್ಲರೆದುರು ಬೈಸಿಕೊಂಡವನೇ.

ಇದರಿಂದ ತಿಳಿಯಬೇಕಾದುದು ಇಷ್ಟು: ಸುಳ್ಳು ಅಂಕಿಗಳು ಸಿಕ್ಕಿಬೀಳುವುದು ಅವು ಕೆಟ್ಟದಾಗಿರುವುದರಿಂದಲ್ಲ, ಅತಿಯಾಗಿ ಚೆನ್ನಾಗಿರುವುದರಿಂದ. ಪ್ರಕೃತಿಯಿಂದ ಬಂದ ಅಂಕಿಗಳಲ್ಲಿ ಇರಬೇಕಾದಷ್ಟು ಚೆದರಿಕೆ ಇರುತ್ತದೆ. ಮನುಷ್ಯನ ಮನಸ್ಸು ಆ ಚೆದರಿಕೆಯನ್ನು ಅನುಕರಿಸಲಾರದು. ಬೇಕಾದರೆ ಸ್ನೇಹಿತನೊಬ್ಬನಿಗೆ, ಸೊನ್ನೆಯಿಂದ ಒಂಬತ್ತರವರೆಗಿನ ಅಂಕಿಗಳನ್ನು ಮನಸ್ಸಿಗೆ ಬಂದಂತೆ ಐವತ್ತು ಸಲ ಬರೆಯಲು ಹೇಳಿ. ಒಂದು ಅಂಕಿಯ ಪಕ್ಕದಲ್ಲಿಯೇ ಅದೇ ಅಂಕಿ ಬರುವ ಸಂಭವ ಹತ್ತರಲ್ಲಿ ಒಂದು. ಐವತ್ತು ಅಂಕಿಗಳಲ್ಲಿ ಪಕ್ಕಪಕ್ಕದ ಜೋಡಿಗಳು 49. ಹೀಗಾಗಿ ಸುಮಾರು ಐದು ಜೋಡಿಗಳಲ್ಲಿ ಒಂದೇ ಅಂಕಿ ಎರಡು ಬಾರಿ ಬಂದಿರಬೇಕು. ನಿಮ್ಮ ಸ್ನೇಹಿತನ ಪಟ್ಟಿಯಲ್ಲಿ ಅಂತಹುದು ಒಂದೋ ಎರಡೋ ಸಿಕ್ಕಿದರೆ ಹೆಚ್ಚು. ಅದೇ ಅಂಕಿಯನ್ನು ಮತ್ತೆ ಬರೆದರೆ ಕೃತಕವಾಗಿ ಕಾಣುವುದೆಂದು ಅವನು ಹೆದರಿರುತ್ತಾನೆ.

ಪ್ರಯೋಗಶಾಲೆಯಲ್ಲಿ ಇಂತಹ ತಪ್ಪಿಗೆ ಬೈಗಳಷ್ಟೇ ದಂಡ. ವೈದ್ಯಕೀಯದಲ್ಲಿ ಹಾಗಲ್ಲ. ಅಲ್ಲಿ ಪ್ರಬಂಧವನ್ನು ಓದಿದ ವೈದ್ಯನು ಔಷಧ ಬರೆಯುತ್ತಾನೆ, ಅಡ್ಡಪರಿಣಾಮವಿಲ್ಲವೆಂದು ಧೈರ್ಯ ಹೇಳುತ್ತಾನೆ. ಅರಕಲಗೂಡಿನ ಹಳ್ಳಿಯೊಂದರ ರೋಗಿ ಅದನ್ನು ನಂಬಿ ಮಾತ್ರೆ ನುಂಗುತ್ತಾನೆ. ಹೃದ್ರೋಗದ ವಿಷಯದಲ್ಲಿಯೇ ನಮ್ಮ ದೇಶದಲ್ಲಿ ನಡೆದ ಒಂದು ಪ್ರಕರಣವನ್ನು ಇಲ್ಲಿ ಸ್ವಲ್ಪ ವಿಸ್ತಾರವಾಗಿ ಹೇಳಬೇಕು.

1992ರಲ್ಲಿ ಲಂಡನ್ನಿನ ಬ್ರಿಟಿಷ್ ಮೆಡಿಕಲ್ ಜರ್ನಲ್ ಎಂಬ ಪ್ರಸಿದ್ಧ ಪತ್ರಿಕೆಯಲ್ಲಿ, ಉತ್ತರ ಪ್ರದೇಶದ ಮೊರಾದಾಬಾದಿನಿಂದ ಬಂದ ಪ್ರಬಂಧವೊಂದು ಪ್ರಕಟವಾಯಿತು. ಹೃದಯಾಘಾತಕ್ಕೆ ಒಳಗಾದರೆಂದು ಭಾವಿಸಲಾದ 406 ರೋಗಿಗಳನ್ನು ಎರಡು ಗುಂಪು ಮಾಡಿ, ಒಂದು ಗುಂಪಿಗೆ ಹಣ್ಣು, ತರಕಾರಿ, ಬೀಜಗಳು, ಮೀನು ಮೊದಲಾದವುಗಳು ಹೆಚ್ಚಾಗಿರುವ ಆಹಾರವನ್ನು ಕೊಟ್ಟರೆ ಒಂದು ವರ್ಷದಲ್ಲಿ ಸಾವುಗಳು ಗಣನೀಯವಾಗಿ ಇಳಿದುವೆಂಬುದು ಅದರ ಸಾರಾಂಶ. ಇದು ಎಷ್ಟು ಸಂತೋಷದ ಸುದ್ದಿ! ದುಬಾರಿ ಔಷಧವಿಲ್ಲ, ಶಸ್ತ್ರಚಿಕಿತ್ಸೆಯಿಲ್ಲ. ಸಂತೆಯಲ್ಲಿ ಸಿಕ್ಕುವ ಪದಾರ್ಥಗಳೇ ಜೀವ ಉಳಿಸುವುವು. ಬಳಿಕ ಅದೇ ಲೇಖಕರಿಂದ ಒಂದರ ಹಿಂದೊಂದು ಪ್ರಬಂಧಗಳು ಬರತೊಡಗಿದುವು. ಸಣ್ಣ ಊರಿನಲ್ಲಿ, ಅಲ್ಪ ಸಾಧನಗಳಿಂದ ಇಷ್ಟೊಂದು ದೊಡ್ಡ ಪ್ರಯೋಗಗಳು ಇಷ್ಟು ಬೇಗ ಹೇಗೆ ಮುಗಿಯುತ್ತವೆ ಎಂಬ ಸಂಶಯ ಕೆಲವರಿಗೆ ಹುಟ್ಟಿತು. ಸಂಪಾದಕರು ಮೂಲ ದಾಖಲೆಗಳನ್ನು ಕೇಳಿದರು. 1992ರ ಪ್ರಬಂಧದ ದಾಖಲೆಗಳನ್ನು ಗೆದ್ದಲು ತಿಂದುಹಾಕಿತೆಂಬ ಉತ್ತರ ಬಂದಿತು. ನಮ್ಮ ನಾಡಿನಲ್ಲಿ ಗೆದ್ದಲು ಕಾಗದ ತಿನ್ನುವುದು ಅಪೂರ್ವವೇನೂ ಅಲ್ಲವೆಂಬುದನ್ನು ಒಪ್ಪಬೇಕು. ಆದರೆ ಅದೇ ಲೇಖಕರು ಮುಂದೆ ಕಳುಹಿಸಿದ್ದ ಮತ್ತೊಂದು ಆಹಾರ ಪ್ರಯೋಗದ ಹಸ್ತಲಿಖಿತ ಅಂಕಿಗಳು ಸಂಪಾದಕರ ಕೈಗೆ ಸೇರಿದುವು. ಅವುಗಳನ್ನು ಸಂಖ್ಯಾಶಾಸ್ತ್ರಜ್ಞ ಸ್ಟೀಫನ್ ಎವಾನ್ಸ್ ಅವರಿಗೆ ಒಪ್ಪಿಸಲಾಯಿತು.

ಇಲ್ಲಿ ಒಂದು ವಿಷಯವನ್ನು ವಿವರಿಸಬೇಕು. ಚಿಕಿತ್ಸೆಯೊಂದನ್ನು ಪರೀಕ್ಷಿಸುವಾಗ ಯಾವ ರೋಗಿ ಯಾವ ಗುಂಪಿಗೆ ಎಂಬುದನ್ನು ವೈದ್ಯನು ನಿರ್ಧರಿಸಕೂಡದು. ನಾಣ್ಯ ಚಿಮ್ಮಿದಂತೆ ಅದೃಷ್ಟಕ್ಕೆ ಬಿಡಬೇಕು. ಹಾಗೆ ಬಿಟ್ಟಾಗ ಚಿಕಿತ್ಸೆ ಆರಂಭವಾಗುವ ಮೊದಲು ಎರಡು ಗುಂಪುಗಳೂ ವಯಸ್ಸು, ತೂಕ, ರಕ್ತದೊತ್ತಡ ಎಲ್ಲದರಲ್ಲಿಯೂ ಹೆಚ್ಚುಕಡಿಮೆ ಒಂದೇ ಆಗಿರುವುವು. ಸರಾಸರಿ ಮಾತ್ರವಲ್ಲ, ಚೆದರಿಕೆಯೂ ಒಂದೇ ಆಗಿರಬೇಕು. ಇನ್ನೊಂದು ಸೂಕ್ಷ್ಮವಿದೆ. ರಕ್ತದೊತ್ತಡವನ್ನು ಅಳೆಯುವ ದಾದಿಯರು 128 ಅಥವಾ 132 ಎಂಬುದನ್ನು ದುಂಡಾಗಿ 130 ಎಂದು ಬರೆದುಬಿಡುವುದುಂಟು. ಅದು ಮೋಸವಲ್ಲ, ಕೈಯ ಅಭ್ಯಾಸ. ಆದರೆ ಆ ರೋಗಿ ಮುಂದೆ ಯಾವ ಗುಂಪಿಗೆ ಸೇರುವನೆಂಬುದು ದಾದಿಗೆ ತಿಳಿಯದು. ಆದುದರಿಂದ ಸೊನ್ನೆಯಲ್ಲಿ ಮುಗಿಯುವ ಅಂಕಿಗಳ ಪ್ರಮಾಣ ಎರಡು ಗುಂಪುಗಳಲ್ಲಿಯೂ ಸಮನಾಗಿರಲೇಬೇಕು. ಒಂದು ಗುಂಪಿನಲ್ಲಿ ಕೊನೆಯ ಅಂಕಿಗಳು ಒಂದು ಬಗೆ, ಇನ್ನೊಂದರಲ್ಲಿ ಬೇರೆ ಬಗೆ ಎಂದಾದರೆ ಆ ಎರಡು ಗುಂಪುಗಳನ್ನು ಒಂದೇ ಕೈ, ಒಂದೇ ಉಪಕರಣ, ಒಂದೇ ರೀತಿಯಲ್ಲಿ ಅಳೆಯಲಿಲ್ಲವೆಂದೇ ಅರ್ಥ.

ಸನಾ ಅಲ್-ಮರ್ಜೂಕಿ, ಎವಾನ್ಸ್ ಮತ್ತು ಅವರ ಸಹೋದ್ಯೋಗಿಗಳು ಮಾಡಿದ್ದು ಇದನ್ನೇ. ಹೋಲಿಕೆಗಾಗಿ ಬ್ರಿಟನ್ನಿನಲ್ಲಿ ನಡೆದಿದ್ದ ರಕ್ತದೊತ್ತಡದ ಔಷಧ ಪ್ರಯೋಗವೊಂದರ ಅಂಕಿಗಳನ್ನು ಪಕ್ಕದಲ್ಲಿಟ್ಟುಕೊಂಡರು. ಔಷಧ ಪ್ರಯೋಗದಲ್ಲಿ ಎರಡು ಗುಂಪುಗಳೂ ನಿರೀಕ್ಷಿಸಿದಂತೆ ಒಂದನ್ನೊಂದು ಹೋಲಿದುವು. ಆಹಾರ ಪ್ರಯೋಗದಲ್ಲಿ ಮಾತ್ರ ಚಿಕಿತ್ಸೆ ಆರಂಭವಾಗುವ ಮೊದಲೇ ಚೆದರಿಕೆಯೂ ಕೊನೆಯ ಅಂಕಿಗಳ ಒಲವೂ ಗುಂಪಿನಿಂದ ಗುಂಪಿಗೆ ಬೇರೆಯಾಗಿದ್ದುವು. ಅದೃಷ್ಟವಶದಿಂದ ಹೀಗಾಗುವ ಸಂಭವ ಅತ್ಯಲ್ಪವೆಂದೂ ಅಂಕಿಗಳು ಕಲ್ಪಿತವಾಗಿರುವುದಕ್ಕೆ ಇದು ಬಲವಾದ ಆಧಾರವೆಂದೂ ಅವರು 2005ರ ಜುಲೈಯಲ್ಲಿ ಪ್ರಕಟಿಸಿದರು. ಅದೇ ವರ್ಷ ಬ್ರಿಟಿಷ್ ಮೆಡಿಕಲ್ ಜರ್ನಲ್ 1992ರ ಪ್ರಬಂಧದ ಬಗ್ಗೆ ತನ್ನ ಆತಂಕವನ್ನು ಬಹಿರಂಗವಾಗಿ ಸೂಚಿಸಿತು. ಅದೇ ಲೇಖಕರ ಇನ್ನೊಂದು ಆಹಾರ ಪ್ರಯೋಗವನ್ನು 2002ರಲ್ಲಿ ಅಚ್ಚು ಹಾಕಿದ್ದ ಲ್ಯಾನ್ಸೆಟ್ ಪತ್ರಿಕೆಯೂ ಹಾಗೆಯೇ ಮಾಡಿತು. ಸಂಶಯ ಹುಟ್ಟಿದ ಮೇಲೆ ಹತ್ತು ವರ್ಷಗಳಿಗೂ ಹೆಚ್ಚು ಕಾಲ ಕಳೆದಿತ್ತು. ಏಕೆ ಇಷ್ಟು ತಡ? ವಿಚಾರಣೆಯನ್ನು ಕೈಗೆತ್ತಿಕೊಳ್ಳುವ ಅಧಿಕೃತ ಸಂಸ್ಥೆಯೊಂದನ್ನು ಭಾರತದಲ್ಲಿ ಹುಡುಕಿ ಹುಡುಕಿ ಸಂಪಾದಕರು ಸೋತರು. ಪತ್ರಿಕೆಗೆ ಅಂಕಿಗಳನ್ನು ಪರೀಕ್ಷಿಸುವ ಶಕ್ತಿಯುಂಟು, ಮನುಷ್ಯರನ್ನು ವಿಚಾರಿಸುವ ಅಧಿಕಾರವಿಲ್ಲ. ಅಂಕಿಗಳು ಕೊಟ್ಟದ್ದು ಸಾಕ್ಷ್ಯ. ತೀರ್ಪನ್ನು ಕೊಡಲು ಪತ್ರಿಕೆಗೆ ಅಧಿಕಾರವಿರಲಿಲ್ಲ.

ಜಪಾನಿನಲ್ಲಿ ತೀರ್ಪೂ ಬಂದಿತು. ಅರಿವಳಿಕೆ ತಜ್ಞ ಯೊಷಿತಾಕ ಫುಜಿ ಎಂಬವರು ಶಸ್ತ್ರಚಿಕಿತ್ಸೆಯ ಬಳಿಕ ಬರುವ ವಾಂತಿಯನ್ನು ತಡೆಯುವ ಔಷಧಗಳ ಮೇಲೆ ಲೆಕ್ಕವಿಲ್ಲದಷ್ಟು ಪ್ರಬಂಧಗಳನ್ನು ಬರೆದಿದ್ದರು. ಅವರ ಅಂಕಿಗಳು ನಂಬಲಾಗದಷ್ಟು ನಯವಾಗಿವೆ ಎಂದು 2000ದಲ್ಲಿಯೇ ಜರ್ಮನಿಯ ಪೀಟರ್ ಕ್ರಾಂಕೆ ಮತ್ತು ಜೊತೆಗಾರರು ಪತ್ರ ಬರೆದರು. ತಲೆನೋವು ಬಂದವರ ಸಂಖ್ಯೆ ಗುಂಪಿನಿಂದ ಗುಂಪಿಗೆ ಬಹುಮಟ್ಟಿಗೆ ಒಂದೇ ಆಗಿರುತ್ತಿದ್ದುದು ಅವರ ಕಣ್ಣಿಗೆ ಬಿದ್ದಿತ್ತು. ಅದಕ್ಕೆ ಹೆಚ್ಚಿನ ಬೆಲೆ ಸಿಕ್ಕಲಿಲ್ಲ. 2012ರಲ್ಲಿ ಇಂಗ್ಲೆಂಡಿನ ಅರಿವಳಿಕೆ ವೈದ್ಯ ಜಾನ್ ಕಾರ್ಲೈಲ್ ಅವರು ಫುಜಿಯವರ 168 ಪ್ರಯೋಗಗಳ ಅಂಕಿಗಳನ್ನು ಒಟ್ಟಿಗೆ ತೆಗೆದುಕೊಂಡು, ಇಷ್ಟೊಂದು ಹೊಂದಿಕೆ ಅದೃಷ್ಟದಿಂದ ಬರಲಾರದೆಂದು ತೋರಿಸಿದರು. ಅದೇ ವರ್ಷ ಜಪಾನಿನ ಅರಿವಳಿಕೆ ತಜ್ಞರ ಸಂಘ ನೇಮಿಸಿದ ಸಮಿತಿಯು 212 ಪ್ರಬಂಧಗಳನ್ನು ಪರಿಶೀಲಿಸಿ, 172ರಲ್ಲಿ ಕಲ್ಪಿತ ಅಂಕಿಗಳಿವೆ ಎಂದು ತೀರ್ಮಾನಿಸಿತು. ಕೇವಲ ಮೂರು ಪ್ರಬಂಧಗಳಲ್ಲಿ ಮೋಸವಿಲ್ಲವೆಂಬುದು ನಿಶ್ಚಯವಾಯಿತು!

ಇಂತಹ ಕಥೆಗಳನ್ನು ಕೇಳಿದ ಓದುಗರಿಗೆ, ಪತ್ರಿಕೆಯಿಂದ ಹಿಂತೆಗೆದ ಪ್ರಬಂಧವೆಂದರೆ ಮೋಸದ ಪ್ರಬಂಧವೆಂದೇ ತೋರಬಹುದು. ಅದು ಸರಿಯಲ್ಲ. ಕಾರ್ಲೈಲ್ ಅವರು 2017ರಲ್ಲಿ ತಮ್ಮ ವಿಧಾನವನ್ನು ಐದು ಸಾವಿರಕ್ಕೂ ಹೆಚ್ಚು ಪ್ರಯೋಗಗಳಿಗೆ ಅನ್ವಯಿಸಿದರು. ಆಗ ಸಂಶಯಕ್ಕೆ ಒಳಗಾದವುಗಳಲ್ಲಿ ಸ್ಪೇನಿನ ಒಂದು ಬಹು ಪ್ರಖ್ಯಾತ ಪ್ರಯೋಗವೂ ಸೇರಿತ್ತು. ಅದೂ ಆಹಾರ ಮತ್ತು ಹೃದಯಕ್ಕೆ ಸಂಬಂಧಿಸಿದುದೇ. 7,447 ಮಂದಿಯಲ್ಲಿ ಕೆಲವರಿಗೆ ಆಲಿವ್ ಎಣ್ಣೆ, ಕೆಲವರಿಗೆ ಬಾದಾಮಿ ಮೊದಲಾದ ಬೀಜಗಳು, ಉಳಿದವರಿಗೆ ಕೊಬ್ಬು ಕಡಿಮೆ ಮಾಡಿಕೊಳ್ಳುವ ಸಲಹೆ. ಸಂಶೋಧಕರು ತಮ್ಮ ದಾಖಲೆಗಳನ್ನು ತಾವೇ ಮತ್ತೆ ತೆರೆದು ನೋಡಿದಾಗ ಕಾರಣ ಬೆಳಕಿಗೆ ಬಂದಿತು. ಒಂದು ಕೇಂದ್ರದಲ್ಲಿ, ನೆರೆಮನೆಯವರಿಗೆ ಪುಕ್ಕಟೆಯಾಗಿ ಎಣ್ಣೆ ಸಿಕ್ಕಿತು, ನಮಗೇಕಿಲ್ಲ ಎಂದು ಹಳ್ಳಿಯ ಜನರು ಗೊಣಗಿದರಂತೆ. ಈ ರಗಳೆಯೇ ಬೇಡವೆಂದು ಅಲ್ಲಿಯ ವೈದ್ಯರು ಒಂದು ಹಳ್ಳಿಗೆಲ್ಲ ಒಂದೇ ಆಹಾರವನ್ನು ಹಂಚಿಬಿಟ್ಟಿದ್ದರು. ನಮ್ಮ ಯಾವ ಹಳ್ಳಿಯಲ್ಲಿಯೂ ನಡೆಯಬಹುದಾದ ಸಂಗತಿ! ಅದರಲ್ಲಿ ದುರುದ್ದೇಶವಿಲ್ಲ, ಆದರೆ ನಾಣ್ಯ ಚಿಮ್ಮುವ ನಿಯಮ ಮುರಿದುಹೋಯಿತು. 2013ರ ಆ ಪ್ರಬಂಧವನ್ನು 2018ರಲ್ಲಿ ಹಿಂತೆಗೆದು, ಲೆಕ್ಕವನ್ನು ಸರಿಪಡಿಸಿ, ನಿರ್ಣಯವನ್ನು ಸ್ವಲ್ಪ ಮೃದುಗೊಳಿಸಿ, ಅದೇ ಪತ್ರಿಕೆಯಲ್ಲಿ ಮತ್ತೆ ಅಚ್ಚು ಹಾಕಿದರು. ನನ್ನ ದೃಷ್ಟಿಯಲ್ಲಿ ಈ ಸಂಶೋಧಕರ ಗೌರವ ಇದರಿಂದ ಕುಂದಲಿಲ್ಲ, ಹೆಚ್ಚಿತು.

ಮೂರನೆಯ ಬಗೆಯೊಂದಿದೆ. ಅಲ್ಲಿ ಅಂಕಿಗಳು ಎಲ್ಲಿಂದ ಬಂದುವೆಂಬುದನ್ನು ಲೇಖಕರೇ ನೋಡಿರುವುದಿಲ್ಲ. 2020ರ ಮೇ 22ರಂದು ಲ್ಯಾನ್ಸೆಟ್ ಪತ್ರಿಕೆಯಲ್ಲಿ, 671 ಆಸ್ಪತ್ರೆಗಳ 96,032 ಕೋವಿಡ್ ರೋಗಿಗಳ ದಾಖಲೆಗಳಿಂದ ಮಾಡಿದುದೆಂದು ಹೇಳಲಾದ ಪ್ರಬಂಧವೊಂದು ಬಂದಿತು. ಮಲೇರಿಯಾದ ಹೈಡ್ರಾಕ್ಸಿಕ್ಲೋರೋಕ್ವಿನ್ ಔಷಧ ಕೊಟ್ಟವರಲ್ಲಿ ಸಾವು ಹೆಚ್ಚೆಂಬುದು ಅದರ ನಿರ್ಣಯ. ಮೂರೇ ದಿನಗಳಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಆ ಔಷಧದ ಮೇಲಿನ ತನ್ನ ಪ್ರಯೋಗವನ್ನು ತಡೆಹಿಡಿಯಿತು. ಆಗ ಯಾರೋ ಒಂದು ಸರಳವಾದ ಹೋಲಿಕೆ ಮಾಡಿದರು. ಏಪ್ರಿಲ್ 21ರವರೆಗೆ ಆಸ್ಟ್ರೇಲಿಯದ ಆಸ್ಪತ್ರೆಗಳಲ್ಲಿ 73 ಮಂದಿ ಸತ್ತರೆಂದು ಪ್ರಬಂಧ ಹೇಳುತ್ತಿತ್ತು. ಆ ದಿನದವರೆಗೆ ಇಡೀ ಆಸ್ಟ್ರೇಲಿಯದಲ್ಲಿ ಕೋವಿಡಿನಿಂದ ಸತ್ತವರು 67. ಭಾಗವು ಮೊತ್ತಕ್ಕಿಂತ ದೊಡ್ಡದಾಗುವುದು ಹೇಗೆ? ಅಂಕಿಗಳನ್ನು ಒದಗಿಸಿದ್ದ ಅಮೆರಿಕದ ಖಾಸಗಿ ಕಂಪೆನಿಯು ಮೂಲ ದಾಖಲೆಗಳನ್ನು ತೋರಿಸಲು ಒಪ್ಪಲಿಲ್ಲ. ಜೂನ್ 4ರಂದು ಪ್ರಬಂಧವನ್ನು ಹಿಂತೆಗೆಯಲಾಯಿತು. ಆ ಔಷಧ ಕೋವಿಡಿಗೆ ಪ್ರಯೋಜನವಿಲ್ಲವೆಂಬುದು ಬೇರೆ ಪ್ರಾಮಾಣಿಕ ಪ್ರಯೋಗಗಳಿಂದ ಮುಂದೆ ತಿಳಿದುಬಂದಿತು ಎಂಬುದು ಬೇರೆ ಮಾತು.

ಅಂಕಿಗಳನ್ನಲ್ಲದೆ ಚಿತ್ರಗಳನ್ನು ಪರೀಕ್ಷಿಸುವವರೂ ಉಂಟು. ಡಚ್ ಸೂಕ್ಷ್ಮಜೀವಿ ವಿಜ್ಞಾನಿ ಎಲಿಸಬೆತ್ ಬಿಕ್ ಅವರು ಇಬ್ಬರು ಜೊತೆಗಾರರೊಡನೆ 20,621 ಪ್ರಬಂಧಗಳ ಚಿತ್ರಗಳನ್ನು ನೋಡಿ, ನೂರಕ್ಕೆ ಸುಮಾರು ನಾಲ್ಕರಲ್ಲಿ ಒಂದೇ ಚಿತ್ರವನ್ನು ಬೇರೆ ಬೇರೆ ಪ್ರಯೋಗಗಳದೆಂದು ತೋರಿಸಿರುವಂತಹ ದೋಷಗಳಿವೆ ಎಂದು 2016ರಲ್ಲಿ ವರದಿ ಮಾಡಿದರು. ಬರಿಯ ಕಣ್ಣುಗಳಿಂದ! ನಮ್ಮ ರಾಜ್ಯಕ್ಕೂ ಈ ಬಗೆಯ ಪರಿಶೀಲನೆ ಮುಟ್ಟಿದೆ. ಬೆಂಗಳೂರಿನ ರಾಷ್ಟ್ರೀಯ ಜೈವಿಕ ವಿಜ್ಞಾನ ಕೇಂದ್ರದಿಂದ 2020ರಲ್ಲಿ ಹೊರಬಂದ, ಬ್ಯಾಕ್ಟೀರಿಯಗಳು ಕಬ್ಬಿಣವನ್ನು ಗುರುತಿಸುವ ಬಗೆಯ ಮೇಲಿನ ಪ್ರಬಂಧದಲ್ಲಿ ಚಿತ್ರಗಳು ತಿದ್ದಲ್ಪಟ್ಟಿವೆಯೆಂದು ಹೊರಗಿನ ಓದುಗರು ತೋರಿಸಿಕೊಟ್ಟರು. ಸಂಸ್ಥೆ ವಿಚಾರಣೆ ನಡೆಸಿತು. 2021ರಲ್ಲಿ ಪ್ರಬಂಧವನ್ನು ಹಿಂತೆಗೆಯಲಾಯಿತು.

ಇಂತಹ ಕೆಲಸಕ್ಕೆ ಏಕೆ ಕೈಹಾಕುತ್ತಾರೆ? ಬಡ್ತಿ, ಹೆಸರು, ಹಣ. ಭಾರತೀಯ ವೈದ್ಯಕೀಯ ಪರಿಷತ್ತು 2009ರಲ್ಲಿ ವೈದ್ಯಕೀಯ ಕಾಲೇಜುಗಳ ಅಧ್ಯಾಪಕರ ಬಡ್ತಿಗೆ ಪ್ರಬಂಧ ಪ್ರಕಟಣೆಯನ್ನು ಷರತ್ತಾಗಿ ವಿಧಿಸಿತು. ಹಗಲೆಲ್ಲ ರೋಗಿಗಳನ್ನು ನೋಡಿ ಸಂಜೆ ಪಾಠ ಮಾಡುವವರೆಲ್ಲರೂ ಸಂಶೋಧಕರಾಗಲೇಬೇಕೆಂದರೆ, ಹಣ ತೆಗೆದುಕೊಂಡು ಏನನ್ನಾದರೂ ಅಚ್ಚು ಹಾಕುವ ಪತ್ರಿಕೆಗಳೂ ಪ್ರಬಂಧಗಳನ್ನೇ ತಯಾರಿಸಿ ಮಾರುವ ಕಾರ್ಖಾನೆಗಳೂ ಹುಟ್ಟುವುದರಲ್ಲಿ ಆಶ್ಚರ್ಯವೇನು? 2023ನೆಯ ಒಂದೇ ವರ್ಷದಲ್ಲಿ ಪ್ರಪಂಚದಾದ್ಯಂತ ಹತ್ತು ಸಾವಿರಕ್ಕೂ ಹೆಚ್ಚು ಪ್ರಬಂಧಗಳನ್ನು ಹಿಂತೆಗೆಯಲಾಯಿತು. ಪತ್ರಿಕೆಗಳು ಅಚ್ಚಿಗೆ ಮೊದಲು ಇಬ್ಬರು ಮೂವರು ತಜ್ಞರ ಅಭಿಪ್ರಾಯವನ್ನು ಕೇಳುವುದು ನಿಜ. ಆದರೆ ಅವರು ನೋಡುವುದು ಕೋಷ್ಟಕಗಳನ್ನು, ರೋಗಿಗಳನ್ನಲ್ಲ.

ಇದನ್ನು ತಡೆಯಲು ಮಾಡಿರುವ ಏರ್ಪಾಡುಗಳಲ್ಲಿ ನನಗೆ ಬಹಳ ಮೆಚ್ಚಿಗೆಯಾದುದು ಒಂದು. ಫಲಿತಾಂಶವನ್ನು ನೋಡಿಕೊಂಡು ಆಮೇಲೆ ಅದಕ್ಕೆ ತಕ್ಕ ಪ್ರಶ್ನೆಪತ್ರಿಕೆಯನ್ನು ಬರೆದುಕೊಳ್ಳುವ ವಿದ್ಯಾರ್ಥಿ ಎಂದಾದರೂ ಅನುತ್ತೀರ್ಣನಾದಾನೆ? ಸಂಶೋಧಕನು ಹಾಗೆ ಮಾಡದಂತೆ, ಏನನ್ನು ಅಳೆಯುತ್ತೇನೆ, ಎಷ್ಟು ಜನರಲ್ಲಿ, ಯಾವ ಅಳತೆಯನ್ನು ಮುಖ್ಯವೆಂದು ಎಣಿಸುತ್ತೇನೆ ಎಂಬುದನ್ನು ಮೊದಲೇ ಬಹಿರಂಗವಾಗಿ ದಾಖಲು ಮಾಡಬೇಕು. ಭಾರತದಲ್ಲಿ ಇದಕ್ಕಾಗಿ ಚಿಕಿತ್ಸಾ ಪ್ರಯೋಗಗಳ ನೋಂದಣಿ ಪುಸ್ತಕವೊಂದು 2007ರ ಜುಲೈಯಲ್ಲಿ ಆರಂಭವಾಯಿತು. ಔಷಧ ಪ್ರಯೋಗಗಳಿಗೆ 2009ರ ಜೂನ್ ತಿಂಗಳಿಂದ ನೋಂದಣಿ ಕಡ್ಡಾಯವಾಯಿತು. ಅದನ್ನು ಹಾಸನದಲ್ಲಿ ಕುಳಿತು ನೀವೂ ತೆರೆದು ನೋಡಬಹುದು. ಸಂಪಾದಕರು ಪ್ರಕಟಣಾ ನೀತಿಯ ಸಮಿತಿಯೊಂದನ್ನು 1997ರಲ್ಲಿ ಬ್ರಿಟನ್ನಿನಲ್ಲಿ ಕಟ್ಟಿಕೊಂಡರು. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯು ಸಂಶೋಧನೆಯ ಪ್ರಾಮಾಣಿಕತೆ ಮತ್ತು ಪ್ರಕಟಣೆಯ ನೀತಿಯ ಬಗ್ಗೆ 2019ರಲ್ಲಿ ತನ್ನ ನಿಯಮಗಳನ್ನು ಹೊರಡಿಸಿತು.

ಇನ್ನು ಹಾಸನಕ್ಕೆ ಹಿಂತಿರುಗೋಣ. ಲಸಿಕೆಯ ಬಗ್ಗೆ ಕೇಂದ್ರ ಸಚಿವಾಲಯವು ಉಲ್ಲೇಖಿಸಿದ ಅಧ್ಯಯನಗಳಲ್ಲಿ ಒಂದು ಇದೇ ಸಂಶೋಧನಾ ಮಂಡಳಿಯದು. ಅದು 2023ರಲ್ಲಿ ಇಂಡಿಯನ್ ಜರ್ನಲ್ ಆಫ್ ಮೆಡಿಕಲ್ ರಿಸರ್ಚ್ ಪತ್ರಿಕೆಯಲ್ಲಿ ಪ್ರಕಟವಾಯಿತು. ನನ್ನ ವಿದ್ಯಾರ್ಥಿನಿಯ ಪ್ರಶ್ನೆಯನ್ನು ಅದಕ್ಕೇ ಹಾಕಿ ನೋಡೋಣ. 47 ದೊಡ್ಡ ಆಸ್ಪತ್ರೆಗಳಿಂದ, 2021ರ ಅಕ್ಟೋಬರಿನಿಂದ 2023ರ ಮಾರ್ಚಿಯವರೆಗೆ ಕಾರಣ ತಿಳಿಯದೆ ಹಠಾತ್ತಾಗಿ ತೀರಿಕೊಂಡ, 18ರಿಂದ 45 ವರ್ಷ ವಯಸ್ಸಿನ 729 ಮಂದಿಯ ವಿವರಗಳನ್ನು ಸಂಗ್ರಹಿಸಿದರು. ಪ್ರತಿಯೊಬ್ಬರಿಗೂ ಅದೇ ವಯೋಮಾನದ, ಅದೇ ಲಿಂಗದ, ಅದೇ ನೆರೆಹೊರೆಯ, ಬದುಕಿರುವ ನಾಲ್ವರಂತೆ ಒಟ್ಟು 2,916 ಮಂದಿಯನ್ನು ಹೋಲಿಕೆಗೆ ಇಟ್ಟುಕೊಂಡರು. ಗುಣಿಸಿ ನೋಡಿ, ಲೆಕ್ಕ ಸರಿಯಾಗಿದೆ. ಲಸಿಕೆ ಹಾಕಿಸಿಕೊಂಡವರಲ್ಲಿ ಹಠಾತ್ ಮರಣದ ಅಪಾಯ ಹೆಚ್ಚಾಗಿರಲಿಲ್ಲ. ಎರಡು ಬಾರಿ ಹಾಕಿಸಿಕೊಂಡವರಲ್ಲಿ ಕಡಿಮೆಯೇ ಇತ್ತು. ಅಪಾಯವು ಹೆಚ್ಚಾಗಿ ಕಂಡುಬಂದುದು ಹಿಂದೆ ಕೋವಿಡಿನಿಂದ ಆಸ್ಪತ್ರೆ ಸೇರಿದ್ದವರಲ್ಲಿ, ಕುಟುಂಬದಲ್ಲಿ ಹಠಾತ್ ಮರಣ ನಡೆದಿದ್ದವರಲ್ಲಿ, ಸಾವಿಗೆ ಎರಡು ದಿನ ಮೊದಲು ವಿಪರೀತ ಮದ್ಯ ಸೇವಿಸಿದ್ದವರಲ್ಲಿ, ಮಾದಕ ವಸ್ತುಗಳನ್ನು ಬಳಸಿದವರಲ್ಲಿ, ಅತಿಯಾದ ದೈಹಿಕ ಶ್ರಮಕ್ಕೆ ಒಡ್ಡಿಕೊಂಡವರಲ್ಲಿ. ಕುಂದಿಲ್ಲವೆ? ಇದೆ. ಸತ್ತವರನ್ನು ಕೇಳುವಂತಿಲ್ಲ, ಅವರ ಬಂಧುಗಳನ್ನು ಕೇಳಿ ಬರೆದುಕೊಂಡ ವಿವರಗಳವು. ಬಂಧುಗಳ ನೆನಪು ತಪ್ಪಬಹುದು. ಆದರೆ ಯಾರನ್ನು ಸೇರಿಸಿದರು, ಯಾರನ್ನು ಬಿಟ್ಟರು, ಏನನ್ನು ಕೇಳಿದರು ಎಂಬುದೆಲ್ಲ ಅಚ್ಚಿನಲ್ಲಿದೆ. ತಪ್ಪು ಹುಡುಕಬೇಕೆನ್ನುವವನಿಗೆ ಹುಡುಕಲು ಜಾಗವಿದೆ. ಬಸ್ ನಿಲ್ದಾಣದ ಸುದ್ದಿಯಲ್ಲಿ ಅಂತಹ ಜಾಗವೇ ಇರುವುದಿಲ್ಲ.

ಜಿಲ್ಲೆಯ ಸಾವುಗಳ ಲೆಕ್ಕವನ್ನೂ ಸ್ವಲ್ಪ ಮಾಡೋಣ. 2011ರ ಜನಗಣತಿಯಂತೆ ಹಾಸನ ಜಿಲ್ಲೆಯ ಜನಸಂಖ್ಯೆ 17,76,421. ವರ್ಷಕ್ಕೆ ಸಾವಿರ ಜನರಲ್ಲಿ ಆರರಿಂದ ಏಳು ಮಂದಿ ಸಾಯುವರೆಂದು ಇಟ್ಟುಕೊಂಡರೆ ವರ್ಷಕ್ಕೆ ಸುಮಾರು 11,500 ಸಾವುಗಳು, ನಲವತ್ತು ದಿನಗಳಿಗೆ ಸುಮಾರು 1,260. ನಮ್ಮ ದೇಶದಲ್ಲಿ ಒಟ್ಟು ಸಾವುಗಳಲ್ಲಿ ಕಾಲು ಭಾಗಕ್ಕಿಂತ ಹೆಚ್ಚು ಹೃದಯ ಮತ್ತು ರಕ್ತನಾಳಗಳ ರೋಗಗಳಿಂದ. ಅಂದರೆ ಯಾವ ವರ್ಷದ ಯಾವ ನಲವತ್ತು ದಿನಗಳನ್ನು ತೆಗೆದುಕೊಂಡರೂ ಜಿಲ್ಲೆಯಲ್ಲಿ ಇಂತಹ ಸಾವುಗಳು ಮುನ್ನೂರರ ಸುತ್ತಮುತ್ತ ನಡೆಯುತ್ತಿರುತ್ತವೆ. ಪತ್ರಿಕೆಗಳು ಎಣಿಸಿದ್ದು ಇಪ್ಪತ್ತು ಚಿಲ್ಲರೆ. ಹಾಗೆಂದ ಮಾತ್ರಕ್ಕೆ ಭಯಕ್ಕೆ ಕಾರಣವೇ ಇರಲಿಲ್ಲವೆಂದು ನಾನು ಹೇಳಲಾರೆ. ಮುನ್ನೂರರಲ್ಲಿ ಬಹುಪಾಲು ವಯಸ್ಸಾದವರು. ಜನರನ್ನು ನಡುಗಿಸಿದುದು ಹರೆಯದವರ ಸಾವು. ಹರೆಯದವರ ಸಾವು ಹಿಂದಿಗಿಂತ ಹೆಚ್ಚಾಯಿತೇ ಎಂಬುದನ್ನು ಹೇಳಬೇಕಾದರೆ ಹಿಂದಿನ ವರ್ಷಗಳಲ್ಲಿ ಅದೇ ವಯಸ್ಸಿನವರು ಅದೇ ತಿಂಗಳುಗಳಲ್ಲಿ ಎಷ್ಟು ಮಂದಿ ಸತ್ತರೆಂಬ ಪಟ್ಟಿ ಬೇಕು. ಪತ್ರಿಕೆಗಳು ಎಣಿಕೆ ಆರಂಭಿಸಿದ್ದೇ ಭಯ ಹುಟ್ಟಿದ ಮೇಲೆ.

ರಾಜ್ಯ ಸರಕಾರವು ಆಗ ಜಯದೇವ ಹೃದ್ರೋಗ ಸಂಸ್ಥೆಯ ನಿರ್ದೇಶಕರಾಗಿದ್ದ ಡಾ. ಕೆ. ಎಸ್. ರವೀಂದ್ರನಾಥ್ ಅವರ ಅಧ್ಯಕ್ಷತೆಯ ತಜ್ಞರ ಸಮಿತಿಗೆ ಹತ್ತು ದಿನಗಳಲ್ಲಿ ವರದಿ ಕೊಡುವಂತೆ ಹೇಳಿತು. ಜುಲೈ ಎರಡನೆಯ ವಾರದಲ್ಲಿ ಆರೋಗ್ಯ ಸಚಿವರು ವರದಿಯ ಸಾರವನ್ನು ಪ್ರಕಟಿಸಿದರು. ಸುದ್ದಿಯಾಗಿದ್ದ 24 ಸಾವುಗಳಲ್ಲಿ ನಾಲ್ಕು ಹೃದಯಕ್ಕೆ ಸಂಬಂಧಿಸಿದುವೇ ಅಲ್ಲ. ಅವುಗಳಲ್ಲಿ ರಸ್ತೆ ಅಪಘಾತವೂ ಮೂತ್ರಪಿಂಡದ ರೋಗವೂ ಸೇರಿದ್ದುವು. ಉಳಿದ ಇಪ್ಪತ್ತನ್ನು ಸಮಿತಿಯು ಖಚಿತವಾಗಿ ಹೃದಯದ ಕಾರಣದಿಂದಾದುವು, ಬಹುಶಃ ಹೃದಯದ ಕಾರಣದಿಂದಾದುವು ಎಂದು ಎರಡು ಭಾಗ ಮಾಡಿತು. ಮೃತರಲ್ಲಿ ಆಟೋ ಮತ್ತು ಬಾಡಿಗೆ ಕಾರುಗಳ ಚಾಲಕರು ಗಮನಾರ್ಹ ಸಂಖ್ಯೆಯಲ್ಲಿದ್ದರು. ಜಿಲ್ಲೆಯಲ್ಲಿ ಹೃದಯಾಘಾತಗಳು ಅಸಹಜವಾಗಿ ಏರಿದುದಕ್ಕೆ ಆಸ್ಪತ್ರೆಯ ದಾಖಲೆಗಳಲ್ಲಿ ಆಧಾರ ಕಾಣಲಿಲ್ಲವೆಂದೂ ಲಸಿಕೆಗೂ ಈ ಸಾವುಗಳಿಗೂ ಸಂಬಂಧ ಕಾಣಲಿಲ್ಲವೆಂದೂ ವರದಿ ಹೇಳಿತು.

ಹತ್ತು ದಿನಗಳ ವರದಿ ಸಂಶೋಧನ ಪ್ರಬಂಧವಲ್ಲ. ಅದರ ಎಲ್ಲ ಅಂಕಿಗಳೂ, ಮೃತರ ಹೆಸರುಗಳನ್ನು ಮರೆಮಾಡಿ, ಪರಿಶೀಲನೆಗೆ ಸಿಕ್ಕುವಂತೆ ಪತ್ರಿಕೆಯೊಂದರಲ್ಲಿ ಅಚ್ಚಾಗಬೇಕೆಂಬುದು ನನ್ನ ಅಭಿಪ್ರಾಯ. ಆದರೆ ಆ ವರದಿಯಲ್ಲಿ ನನ್ನ ಮನಸ್ಸಿಗೆ ಬಹಳ ಹಿಡಿಸಿದುದು 'ಬಹುಶಃ' ಎಂಬ ಭಾಗ. ಅದನ್ನು ಖಚಿತಗಳ ಜೊತೆಗೆ ಸೇರಿಸಿ ಅಂದವಾದ ಒಂದೇ ಅಂಕಿಯನ್ನು ಕೊಡುವುದು ಸುಲಭವಾಗಿತ್ತು. ಮನೆಯಲ್ಲಿಯೋ ದಾರಿಯಲ್ಲಿಯೋ ತೀರಿಕೊಂಡು, ಮರಣೋತ್ತರ ಪರೀಕ್ಷೆಯಿಲ್ಲದೆ ಸಂಸ್ಕಾರವಾದವರ ವಿಷಯದಲ್ಲಿ ಅದಕ್ಕಿಂತ ಹೆಚ್ಚು ಹೇಳಲು ಯಾವ ವಿಜ್ಞಾನಕ್ಕೂ ಸಾಧ್ಯವಿಲ್ಲ.

ಆಸ್ಪತ್ರೆಯ ಹೊರಗೆ ನಡೆಯುವ ಹಠಾತ್ ಸಾವುಗಳನ್ನು ಇನ್ನು ಮುಂದೆ ಸರಕಾರಕ್ಕೆ ತಿಳಿಸಬೇಕೆಂದೂ ಅಂತಹ ಸಂದರ್ಭಗಳಲ್ಲಿ ಮರಣೋತ್ತರ ಪರೀಕ್ಷೆ ನಡೆಯಬೇಕೆಂದೂ ಆರೋಗ್ಯ ಸಚಿವರು ಆಗ ಘೋಷಿಸಿದರು. ಕಾಗದದ ಮೇಲೆ ಇದು ಒಂದು ಸಾಲು. ಹೊಳೆನರಸೀಪುರದ ಆಚೆಯ ಒಂದು ಹಳ್ಳಿಯಲ್ಲಿ, ರಾತ್ರಿ ಎರಡು ಗಂಟೆಗೆ ಮನೆಯ ಮಗನನ್ನು ಕಳೆದುಕೊಂಡವರ ಎದುರಿಗೆ, ದೇಹವನ್ನು ತಾಲ್ಲೂಕು ಆಸ್ಪತ್ರೆಗೆ ಒಯ್ಯೋಣ, ಕೊಯ್ದು ನೋಡಬೇಕು ಎಂದು ಹೇಳುವ ಕೆಲಸ ಯಾರದು? ಆಶಾ ಕಾರ್ಯಕರ್ತೆಯದೋ ಪ್ರಾಥಮಿಕ ಆರೋಗ್ಯ ಕೇಂದ್ರದ ವೈದ್ಯರದೋ ಊರಿನ ಹಿರಿಯರದೋ? ಆ ಮನೆಯವರು ಒಪ್ಪುವರೋ ಇಲ್ಲವೋ ಎಂಬುದರ ಮೇಲೆ, ಮುಂದಿನ ವರದಿಯಲ್ಲಿ 'ಬಹುಶಃ' ಎಂಬ ಭಾಗದಲ್ಲಿ ಎಷ್ಟು ಹೆಸರುಗಳು ಉಳಿಯುವುವೆಂಬುದು ನಿಂತಿದೆ.